ಕೈ ತಪ್ಪಿ ಬಿದ್ದ ಫೋಟೊ: ಕ್ರೋಮ್, ಫೈರ್‌ಫಾಕ್ಸ್, ಸಫಾರಿ

ಮನೆಯ ಹಳೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಆನ್‌ಲೈನ್ ಆಲ್ಬಮ್‌ಗೆ ಏರಿಸುತ್ತಿದ್ದೆ. 'ಚೂಸ್ ಫೈಲ್' ಒತ್ತಿ ಒತ್ತಿ ಬೇಜಾರಾಗಿ, ಫೋಲ್ಡರ್‌ನಿಂದ ನೇರವಾಗಿ ಎಳೆದು ಹಾಕತೊಡಗಿದೆ. ಒಂದು ಸಲ ಕೈ ತಪ್ಪಿ ಫೋಟೊ, ಪುಟದಲ್ಲಿ ಅದಕ್ಕೆಂದೇ ಇದ್ದ ಚೌಕದ ಹೊರಗೆ ಬಿತ್ತು. ಅರ್ಧ ಬರೆದಿದ್ದ ಹೆಸರು, ಇಸವಿ ಎಲ್ಲ ಮಾಯ. ಪರದೆ ತುಂಬ ಅಜ್ಜಿ!

ಇದರಲ್ಲಿ ಬ್ರೌಸರ್‌ನ ತಪ್ಪೇನಿಲ್ಲ. ಪುಟದ ಕೋಡ್ 'ಡ್ರಾಗ್‌ಓವರ್' (ಫೈಲ್ ಪುಟದ ಮೇಲೆ ಹಾಯುವುದು), 'ಡ್ರಾಪ್' (ಅಲ್ಲಿ ಬಿಡುವುದು) ಎರಡನ್ನೂ ತಡೆದು "ಇದನ್ನು ನಾನು ನೋಡಿಕೊಳ್ಳುತ್ತೇನೆ" ಅನ್ನಬೇಕು. ಅನ್ನದಿದ್ದರೆ ಬ್ರೌಸರ್ ತನ್ನ ರೂಢಿಯಂತೆ ನಡೆಯುತ್ತದೆ. ಆ ರೂಢಿಯೇ ಒಂದೊಂದಕ್ಕೆ ಒಂದೊಂದು ಥರ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬೇಕಂತಲೇ ಗುರಿ ತಪ್ಪಿಸಿ ನೋಡಿದೆ. ಫೈರ್‌ಫಾಕ್ಸ್ ಅದೇ ಟ್ಯಾಬ್‌ನಲ್ಲಿ ಚಿತ್ರ ತೆರೆಯಿತು. ಕ್ರೋಮ್ ಹೊಸ ಟ್ಯಾಬ್ ತೆರೆಯಿತು, ಬರೆದದ್ದು ಹಳೆಯ ಟ್ಯಾಬ್‌ನಲ್ಲಿ ಹಾಗೇ ಉಳಿಯಿತು. ನನ್ನಂಥ ಅವಸರದವರಿಗೆ ಇದೊಂದೇ ಸಾಕು. ಈಗ ಫೋಟೊ ಏರಿಸುವುದಕ್ಕೆ ಕ್ರೋಮ್.

ಆದರೆ ಬರೆಯುವ ಜಾಗಕ್ಕೇ ಚಿತ್ರ ಬಿಟ್ಟರೆ ಆಟ ತಿರುಗುತ್ತದೆ. ತಿದ್ದಬಹುದಾದ ಒಂದು ಖಾಲಿ ಪುಟ ಮಾಡಿಕೊಂಡು ನೋಡಿದೆ. ಫೈರ್‌ಫಾಕ್ಸ್ ಚಿತ್ರವನ್ನು ಸಾಲುಗಳ ನಡುವೆ ಕೂರಿಸಿತು. ಕ್ರೋಮ್ ಮತ್ತೆ ಟ್ಯಾಬ್ ತೆರೆಯಿತು. ಫೈರ್‌ಫಾಕ್ಸ್ ನೋಡಿ ಖುಷಿಪಡುವ ಮುಂಚೆ ಪುಟದ ಕೋಡ್ ಒಳಗೆ ಇಣುಕಿ. ಚಿತ್ರ ಅಲ್ಲಿ ಬೇಸ್64 ಅಕ್ಷರಗಳಾಗಿ, ಅಂದರೆ ಫೈಲನ್ನೇ ಬರಹವಾಗಿ ಬದಲಿಸಿದ ರೂಪದಲ್ಲಿ, ಸೇರಿರುತ್ತದೆ. 3 ಬೈಟ್‌ಗೆ 4 ಅಕ್ಷರ, ಅಂದರೆ 3 ಎಂಬಿ ಫೋಟೊ 4 ಎಂಬಿ ಆಗುತ್ತದೆ. ನಾಲ್ಕು ಫೋಟೊ ಹಾಕಿದರೆ ಪುಟ ತೆವಳುತ್ತದೆ.

ಪುಟದಿಂದ ಡೆಸ್ಕ್‌ಟಾಪ್‌ಗೆ ಎಳೆಯುವುದರಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಪುಟದಲ್ಲಿ ಕಾಣುವ ಫೈಲೇ ಬರುತ್ತದೆ. ವಿಕಿಪೀಡಿಯದ ಲೇಖನದಿಂದ ಎಳೆದರೆ ಹೆಸರಿನ ಮುಂದೆ '250ಪಿಎಕ್ಸ್' ಥರದ್ದೇನೋ ಇರುವ ಪುಟ್ಟ ಪ್ರತಿ ಸಿಗುತ್ತದೆ, ಮೂಲ ಚಿತ್ರ ಅಲ್ಲ. ದೊಡ್ಡದು ಬೇಕಿದ್ದರೆ ಒತ್ತಿ ಒಳಗೆ ಹೋಗಬೇಕು. ಇನ್ನು ಕೆಲವು ಪುಟಗಳು 'ವೆಬ್‌ಕಿಟ್-ಯೂಸರ್-ಡ್ರಾಗ್' ಎಂಬ ಸಿಎಸ್‌ಎಸ್ (ಪುಟದ ರೂಪ ಹೇಳುವ ಕೋಡ್) ಸಾಲು ಹಾಕಿ ಎಳೆಯದಂತೆ ಮಾಡುತ್ತವೆ. ಅದಕ್ಕೆ ಕ್ರೋಮ್, ಸಫಾರಿ ತಲೆಬಾಗುತ್ತವೆ. ಫೈರ್‌ಫಾಕ್ಸ್ ಕ್ಯಾರೇ ಅನ್ನುವುದಿಲ್ಲ.

ಐಪ್ಯಾಡ್‌ನ ಸಫಾರಿಯ ದಾರಿಯೇ ಬೇರೆ. 2017ರ ಐಒಎಸ್ 11ರಿಂದ ಅಲ್ಲಿ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಎಳೆಯಬಹುದು. ಐಫೋನ್‌ಗೆ ಅದು ಬಂದದ್ದು 2021ರಲ್ಲಿ. ಒಂದು ಫೋಟೊವನ್ನು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಿಂದ ಉಳಿದವನ್ನು ತಟ್ಟಿದರೆ ಇಸ್ಪೀಟ್ ಎಲೆಗಳಂತೆ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಆಮೇಲೆ ಕಟ್ಟನ್ನೇ ಪುಟದ ಮೇಲೆ ಬಿಡುವುದು. ಎರಡೂ ಕೈ ಬೇಕು, ಕಾಫಿ ಲೋಟ ಕೆಳಗಿಡಬೇಕು.

ಹಾಂ, ಒಂದು ಸಂಜೆ ವಿಂಡೋಸ್‌ನಲ್ಲಿ ಏನು ಎಳೆದರೂ 'ಇಲ್ಲಿ ಬಿಡುವಂತಿಲ್ಲ' ಅನ್ನುವ ಅಡ್ಡಗೆರೆಯ ಸೊನ್ನೆಯೇ ಕಾಣುತ್ತಿತ್ತು. ಬ್ರೌಸರ್‌ಗೆ ಸೇರಿಸಿಕೊಂಡಿದ್ದ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಸುಮ್ನೆ ಬೈದುಕೊಂಡು ಕಿತ್ತುಹಾಕಿದೆ. ನೋಡಿದರೆ, ನಾನೇ ಬ್ರೌಸರ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಹೆಚ್ಚಿನ ಅಧಿಕಾರ ಕೊಟ್ಟು, ತೆರೆದಿದ್ದೆ. ಮಾಮೂಲಿ ಫೋಲ್ಡರ್‌ನಿಂದ ಅಂಥ ಕಿಟಕಿಗೆ ಎಳೆದು ಹಾಕಲು ವಿಂಡೋಸ್ ಬಿಡುವುದಿಲ್ಲ. ಮುಚ್ಚಿ ಮತ್ತೆ ತೆರೆದೆ. ಅಜ್ಜಿ ಸರಿಯಾಗಿ ಚೌಕದೊಳಗೆ ಕೂತರು.