ಸೋನಿಕ್ ಮೇನಿಯಾ, ಕ್ರ್ಯಾಶ್ ಬ್ಯಾಂಡಿಕೂಟ್: ಮಳೆಗಾಲಕ್ಕೆ ಯಾವುದು?

ಚಿಕ್ಕಮಗಳೂರಿನ ಕಡೆ ತೋಟದ ಮನೆಯಲ್ಲಿದ್ದು, ಹಳೇ ಶೈಲಿಯ ಓಡಿ ಜಿಗಿಯುವ ಗೇಮ್ ಒಂದನ್ನೇ ಕೊಳ್ಳುವುದಾದರೆ ಮೊದಲು ನೋಡಬೇಕಾದ್ದು ಡೇಟಾ. ಪಿಸಿಯಲ್ಲಿ ಕ್ರ್ಯಾಶ್ ಬ್ಯಾಂಡಿಕೂಟ್ ಎನ್. ಸೇನ್ ಟ್ರಿಲಜಿ ಸುಮಾರು 30 ಜಿಬಿ ಜಾಗ ಕೇಳುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಹೆಚ್ಚುಕಡಿಮೆ ಎರಡು ವಾರದ ಕೆಲಸ. ಸೋನಿಕ್ ಮೇನಿಯಾಗೆ 1 ಜಿಬಿಯೂ ಬೇಡ, ಹಳೇ ಲ್ಯಾಪ್‌ಟಾಪ್ ಸಾಕು.

ಎರಡೂ 2017ರಲ್ಲಿ ಬಂದವು. ನೀಲಿ ಮುಳ್ಳಿಲಿ ಸೋನಿಕ್ ಕೈಯಲ್ಲಿ ಒಂದು ಉಂಗುರವಿದ್ದರೂ ಪೆಟ್ಟು ತಿಂದು ಬದುಕುತ್ತಾನೆ, ಚೆಲ್ಲಿದ್ದನ್ನು ಆಯ್ದುಕೊಳ್ಳಲೂಬಹುದು. ಗುಂಡಿಗೆ ಬಿದ್ದರೆ ಮಾತ್ರ ಉಂಗುರ ಕಾಯುವುದಿಲ್ಲ.

ಕ್ರ್ಯಾಶ್ ಅಷ್ಟು ಉದಾರಿಯಲ್ಲ: ಅಕು ಅಕು ಮುಖವಾಡ ಇಲ್ಲದಿದ್ದರೆ ಒಂದೇ ಪೆಟ್ಟಿಗೆ ಸಾವು. ಇದು 1996–98ರ ಮೂರು ಆಟಗಳ ಮರುರೂಪ, ಆದರೆ ಮೊದಲ ಆಟ ಹಳೆಯದಕ್ಕಿಂತ ಕಷ್ಟ. ಪಾತ್ರದ ತಳವನ್ನು ಗುಳಿಗೆಯ ತುದಿಯಂತೆ ದುಂಡಗೆ ಲೆಕ್ಕ ಹಾಕಿರುವುದರಿಂದ ಅಂಚಿಗೆ ಇಳಿದರೆ ಕಾಲು ಜಾರುತ್ತದೆ. ಸೇತುವೆಯ ಹಂತಗಳಲ್ಲಿ ಹಲಗೆಯ ನಡುವಿಗೇ ಇಳಿಯಿರಿ. ರೇಗಿದರೆ ಎರಡನೆಯ ಆಟದಿಂದ ಶುರು ಮಾಡಿ. ಅಲ್ಲಿ ಬೇಕೆಂದೇ ನೆಲದ ಮೇಲೆ ಜಾರಿ ಜಿಗಿದರೆ ದೂರ ಹೆಚ್ಚು ಸಿಗುತ್ತದೆ.

ಕರೆಂಟ್ ಹೋದಾಗ ಮಾತ್ರ ಕ್ರ್ಯಾಶ್ ಮೇಲು: ಹೋಗುವುದು ಆಡುತ್ತಿದ್ದ ಹಂತವಷ್ಟೇ. ಮೇನಿಯಾ ಆಟವನ್ನು ಉಳಿಸುವುದು ಒಂದು ವಲಯ (ಅಂಕಗಳೆಂಬ ಹಂತಗಳ ಗುಂಪು) ಪೂರ್ತಿ ಮುಗಿದ ಮೇಲೇ. ಎರಡನೇ ಅಂಕದಲ್ಲಿ ಕೈಕೊಟ್ಟರೆ ಮತ್ತೆ ಮೊದಲನೆಯದರಿಂದ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನವರು ಗಮನಿಸಿ.

ಇಬ್ಬರು ಮಕ್ಕಳಿದ್ದರೆ ಮೇನಿಯಾನೇ. ಕಿರಿಯರಿಗೆ ಎರಡನೇ ಜಾಯ್‌ಸ್ಟಿಕ್ ಕೊಟ್ಟು ಸೋನಿಕ್‌ನ ಜೊತೆಗಾರ ಟೇಲ್ಸ್ ಮಾಡಿ. ಕ್ರ್ಯಾಶ್ ಒಬ್ಬರ ಆಟ.