ಹಳೇ ಕಾರಿನ ಜರ್ಕ್ ಹಿಡಿಯಲು ಸ್ಕ್ಯಾನರ್, ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್: ಯಾವುದು ಎಲ್ಲಿ ಗೆಲ್ಲುತ್ತದೆ

ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಮಾರುತಿ 800, ಝೆನ್, ಎಸ್ಟೀಮ್, ಮೊದಲ ಸ್ಯಾಂಟ್ರೋ. ಈ ಕಾಲದ ಗಾಡಿ ಮೂರನೇ ಗೇರಿನಲ್ಲಿ ಎಳೆಯುವಾಗ ಜರ್ಕ್ ಹೊಡೆಯುತ್ತಿದ್ದು, ಹೆಡ್‌ಲೈಟೂ ಮಂಕಾಗುತ್ತಿದ್ದರೆ ಮೊದಲು ಕರೆಂಟಿನ ದಾರಿ ನೋಡಬೇಕು, ಆಮೇಲೆ ಸೆನ್ಸರ್. ಜನ ಮಾಡುವುದು ಉಲ್ಟಾ: ಮೊದಲು ಬ್ಲೂಟೂತ್ ಸ್ಕ್ಯಾನರ್ ಕೊಳ್ಳುತ್ತಾರೆ.

ಸ್ಕ್ಯಾನರಿನ ಮಿತಿ ಗಾಡಿಯ ವಯಸ್ಸಿನಲ್ಲೇ ಇದೆ. ನಮ್ಮಲ್ಲಿ ಒಬಿಡಿ, ಅಂದರೆ ಗಾಡಿಯೇ ತನ್ನ ದೋಷ ಗುರುತಿಸಿ ಕೋಡ್ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾದದ್ದು ಬಿಎಸ್-4 ಹೊಗೆ ನಿಯಮದ ಜೊತೆಗೆ, 2010ರಲ್ಲಿ. ಒಬಿಡಿ-2 ಬಂದದ್ದು 2013ರಲ್ಲಿ. ಅದಕ್ಕೂ ಹಿಂದಿನ ಗಾಡಿಯಲ್ಲಿ ಸಾಕೆಟ್ ಅದೇ ಆಕಾರದ್ದಿದ್ದರೂ ಒಳಗೆ ಕಂಪನಿಯದೇ ಭಾಷೆ ಇರಬಹುದು. ಇಎಲ್‌ಎಂ327 (ಅಗ್ಗದ ಬ್ಲೂಟೂತ್ ಸ್ಕ್ಯಾನರ್) ಕನೆಕ್ಟ್ ಆಗಲಿಲ್ಲ ಎಂದ ಮಾತ್ರಕ್ಕೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸತ್ತಿದೆ ಎಂದಲ್ಲ. ಹಳೇ ಸುಜುಕಿ ಎಂಜಿನ್‌ಗಳಲ್ಲಿ ಡಯಾಗ್ನೋಸಿಸ್ ಕಪ್ಲರಿನ (ದೋಷ ಪತ್ತೆಗೆಂದೇ ಇರುವ ಕನೆಕ್ಟರ್) ಸರಿಯಾದ ಪಿನ್ನನ್ನು ಅರ್ತ್‌ಗೆ (ಬ್ಯಾಟರಿ ನೆಗೆಟಿವ್ ಸೇರುವ ಬಾಡಿ ಲೋಹಕ್ಕೆ) ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ ಚೆಕ್ ಎಂಜಿನ್ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. 12 ಬಂದರೆ ದೋಷ ದಾಖಲಾಗಿಲ್ಲ. ಪಿನ್ ಯಾವುದೆಂದು ಆ ಮಾಡೆಲಿನ ಮ್ಯಾನ್ಯುಯಲ್ ನೋಡಿಯೇ ಮುಟ್ಟಿ.

ಕೋಡ್ ಸಿಕ್ಕರೂ ಎಚ್ಚರ ಬೇಕು. ಸಂಬಂಧವಿಲ್ಲದ ಎರಡು ಮೂರು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ ಅವೆಲ್ಲ ಒಂದೇ ದಿನ ಕೆಟ್ಟಿರುವುದು ಅಪರೂಪ. ಅವುಗಳ ಅರ್ತ್ ಅಥವಾ 5 ವೋಲ್ಟ್ ಸಪ್ಲೈ ಹೋಗಿರುತ್ತದೆ. ಸ್ಕ್ಯಾನರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಪಿ0301 (ಒಂದನೇ ಸಿಲಿಂಡರ್), ಪಿ0302 (ಎರಡನೆಯದು) ಎಂಬ ಕೋಡ್‌ಗಳಂತೆ ಮಿಸ್ಸಿಂಗ್ ಯಾವ ಸಿಲಿಂಡರಿನಲ್ಲಿ ಎಂದು ತೋರಿಸುವಾಗ.

ಮಲ್ಟಿಮೀಟರ್‌ಗೆ ನಮ್ಮ ಮೊದಲ ಮತ. ಎಂಜಿನ್ ನಿಂತಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ 13.8ರಿಂದ 14.4. ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರು ಬಿಡುವುದು ವೋಲ್ಟೇಜ್ ಡ್ರಾಪ್, ಅಂದರೆ ವೈರಿನ ದಾರಿಯಲ್ಲೇ ಕಳೆದುಹೋಗುವ ವೋಲ್ಟ್. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್ ದಾಟಿದರೆ ಅರ್ತಿಂಗ್ ಸರಿಯಿಲ್ಲ. ಆಮೇಲೆ ಫ್ಯೂಸ್ ಹಾಕಿ ಎಂಜಿನ್ ಓಡಿಸಿ, ಹೆಡ್‌ಲೈಟ್, ಬ್ಲೋವರ್ ಹಚ್ಚಿ ಅದೇ ನೆಗೆಟಿವ್ ಕಂಬದಿಂದ ಬಾಡಿಗೂ, ಆಮೇಲೆ ಇಸಿಯು ಅರ್ತ್ ವೈರಿಗೂ ಹೀಗೇ ನೋಡಿ; ಇಲ್ಲಿ 0.1ರ ಒಳಗಿರಬೇಕು. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ಹಸಿರು ಹಿಡಿದು ಎಳೆಎಳೆಯಾಗಿ ತುಂಡಾಗಿರುವುದೇ ಹೆಚ್ಚು. ಅದು ಹೋದರೆ ಸ್ಟಾರ್ಟರಿನ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ಕೇಬಲ್ ಬಿಸಿ ಅನಿಸಿದರೆ ಮೀಟರೂ ಬೇಡ.

ಡಿಜಿಟಲ್ ಮೀಟರಿನ ದೌರ್ಬಲ್ಯ ಎರಡು. ಪರದೆ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುವುದರಿಂದ ಥ್ರಾಟಲ್ ಸೆನ್ಸರಿನ (ಪೆಡಲ್ ಎಷ್ಟು ಒತ್ತಿದೆ ಎಂದು ಇಸಿಯುಗೆ ಹೇಳುವುದು) ಕ್ಷಣದ ಕುಸಿತ ಕಾಣುವುದಿಲ್ಲ. ಸಿಗ್ನಲ್ ವೈರಿನಲ್ಲಿ ಸುಮಾರು 0.5ರಿಂದ 4 ವೋಲ್ಟ್‌ವರೆಗೆ ಏರುವುದನ್ನು ಹಳೇ ಮುಳ್ಳಿನ ಮೀಟರಿನಲ್ಲಿ, ಪೆಡಲ್ ನಿಧಾನ ಒತ್ತುತ್ತಾ ನೋಡಿ. ಮುಳ್ಳು ನಡುವೆ ಒಮ್ಮೆ ಬಿದ್ದು ಎದ್ದರೆ ಜರ್ಕಿನ ಮೂಲ ಅಲ್ಲೇ. ಆಕ್ಸಿಜನ್ ಸೆನ್ಸರಿಗೆ ಮಾತ್ರ ಮುಳ್ಳಿನ ಮೀಟರ್ ಬೇಡ, ಮೀಟರೇ ಆ ದುರ್ಬಲ ಸಿಗ್ನಲನ್ನು ಕೆಳಗೆಳೆದುಬಿಡುತ್ತದೆ.

ಎರಡನೆಯ ದೌರ್ಬಲ್ಯ: ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಇಲ್ಲೇ ಟೆಸ್ಟ್ ಲ್ಯಾಂಪ್ (ಎರಡು ವೈರ್ ಕಟ್ಟಿದ ಬಲ್ಬ್) ಗೆಲ್ಲುವುದು. 5 ವಾಟ್ ಬಲ್ಬ್ ಸುಮಾರು 0.4 ಆಂಪಿಯರ್ ಎಳೆಯುತ್ತದೆ, 21 ವಾಟಿನ ಬಲ್ಬ್ 1.75. ಫ್ಯೂಯಲ್ ಪಂಪಿನ ಕಪ್ಲರ್ ಬಿಚ್ಚಿ 21 ವಾಟ್ ಬಲ್ಬ್ ಸಿಕ್ಕಿಸಿ ಇಗ್ನಿಷನ್ ಆನ್ ಮಾಡಿ. ಪಂಪಿಗೆ ಕರೆಂಟ್ ಬರುವ ಆ ಕೆಲವೇ ಸೆಕೆಂಡಿನಲ್ಲಿ ಬೆಳಕು ಮಂಕಾಗಿದ್ದರೆ ರಿಲೇ, ಕಪ್ಲರ್ ಅಥವಾ ಅರ್ತ್‌ನಲ್ಲಿ ತಡೆ ಇದೆ. ಪಂಪ್ ಬದಲಿಸಿ ಪ್ರಯೋಜನವಿಲ್ಲ. ಆದರೆ ಈ ಬಲ್ಬನ್ನು ಇಸಿಯು, ಸೆನ್ಸರ್ ವೈರಿಗೆ ಮುಟ್ಟಿಸಬಾರದು, ಏರ್‌ಬ್ಯಾಗಿನ ಹಳದಿ ಕಪ್ಲರಿಗಂತೂ ಬೇಡವೇ ಬೇಡ.

ಇಗ್ನಿಷನ್ನೋ ಪೆಟ್ರೋಲೋ ಎಂಬುದಕ್ಕೆ ಈ ಮೂರಕ್ಕಿಂತ ಸ್ಪ್ರೇ ಬಾಟಲಿ ವಾಸಿ. ಕತ್ತಲಲ್ಲಿ ಎಂಜಿನ್ ಓಡಿಸಿ ಪ್ಲಗ್ ವೈರ್, ಕಾಯಿಲ್ ಮೇಲೆ ತೆಳ್ಳಗೆ ನೀರು ಚಿಮುಕಿಸಿ, ಕೈ ದೂರವಿಡಿ. ನೀಲಿ ಕಿಡಿ ಹಾರಿದರೆ, ಎಂಜಿನ್ ತಡವರಿಸಿದರೆ ವೈರ್ ಸೆಟ್ ಹೋಗಿದೆ. ಒಮ್ಮೆಲೇ ಒದ್ದಂತಾಗುವ ಜರ್ಕ್ ಸಾಮಾನ್ಯವಾಗಿ ಇಗ್ನಿಷನ್ನಿನದು. ಏರಿನಲ್ಲಿ ನಿಧಾನವಾಗಿ ಪಿಕಪ್ ಸೋತು, ಕಾಲು ತೆಗೆದರೆ ಸುಧಾರಿಸುವುದು ಪೆಟ್ರೋಲ್ ಫಿಲ್ಟರ್ ಅಥವಾ ಪಂಪಿನದು.

ನಾಲ್ಕನೇ ದಾರಿಯೂ ಇದೆ: ಒಂದೊಂದೇ ಭಾಗ ಬದಲಿಸುತ್ತಾ ಹೋಗುವುದು. ಪ್ಲಗ್, ಪ್ಲಗ್ ವೈರ್, ಫಿಲ್ಟರ್ ಮಟ್ಟಿಗೆ ಒಪ್ಪಬಹುದು, ಹೇಗೂ ಸವೆಯುವ ವಸ್ತು. ಕಾಯಿಲ್ ಮಾದರಿಯ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಇಸಿಯುಗೆ ಹೇಳುವುದು) ಬಿಸಿಯಾದಾಗ ಮಾತ್ರ ಕೈಕೊಡುತ್ತದೆ ಎಂಬ ಅನುಮಾನವಿದ್ದರೆ ಎಂಜಿನ್ ನಿಂತ ಕೂಡಲೇ ಅದರ ರೆಸಿಸ್ಟೆನ್ಸ್ ಅಳೆದು, ತಣ್ಣಗಾದ ಮೇಲೆ ಮತ್ತೆ ಅಳೆಯಿರಿ; ಬಿಸಿಯಲ್ಲಿ ಓಪನ್ ತೋರಿದರೆ ಬದಲಿಸಿ. ಇಸಿಯು ಬದಲಿಸಿ ಎಂದು ಯಾರಾದರೂ ಅಂದರೆ, ಅದರ ಅರ್ತ್ ವೈರಿನ ಡ್ರಾಪ್ ಎಷ್ಟು ಬಂತು ಎಂದು ಕೇಳಿ.