ಹಿತ್ತಾಳೆ ನೇಮ್‌ಪ್ಲೇಟ್: ಫೆರಿಕ್ ಕ್ಲೋರೈಡಾ, ಕರೆಂಟಾ, ಲೇಸರಾ?

ನಮ್ಮ ಕಾಸರಗೋಡಿನ ಕಡೆ ಮನೆಗೊಂದು ಹೆಸರು ಬೇಕೇ ಬೇಕು. ಬೋರ್ಡಿನಲ್ಲಿ ಕನ್ನಡ, ಕೆಳಗೆ ಮಲಯಾಳ. ಒತ್ತಕ್ಷರ ಸಣ್ಣದಾದಷ್ಟೂ ತಲೆಬಿಸಿ ಜಾಸ್ತಿ. ಹಿತ್ತಾಳೆ ತಗಡಿನಲ್ಲಿ ಅಕ್ಷರ ಕೊರೆಯಲು ಮೂರು ದಾರಿ ನೋಡೋಣ.

ಲೋಹ ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣ ಹಿತ್ತಾಳೆ, ತಾಮ್ರಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಕ್ಷರಕ್ಕೆ ಒಳ್ಳೆಯ ಆಳ ಸಿಗುತ್ತದೆ, ಕಪ್ಪು ಎನಾಮೆಲ್ ತುಂಬಿದರೆ ನಿಲ್ಲುತ್ತದೆ. ತಗಡನ್ನು ಮುಖ ಕೆಳಗೆ ಮಾಡಿ ದ್ರಾವಣದಲ್ಲಿ ತೇಲುವಂತೆ ಇಡಿ, ಕರಗುವಾಗ ಬರುವ ಕೆಸರು ತಾನೇ ಉದುರುತ್ತದೆ. ಆದರೆ ದ್ರಾವಣ ಆಳಕ್ಕೆ ಮಾತ್ರವಲ್ಲ, ಅಡ್ಡಕ್ಕೂ ತಿನ್ನುತ್ತದೆ. ಆಳ ಮಾಡುತ್ತಾ ಹೋದರೆ ‘ಕ್ಷ್ಮಿ’ಯ ಒತ್ತುಗಳು ಒಂದಕ್ಕೊಂದು ಕೂಡಿಬಿಡುತ್ತವೆ! ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಉಳಿದ ನೀರನ್ನು ಬಾವಿ, ತೋಟದ ಹತ್ತಿರ ಚೆಲ್ಲಲೇಬೇಡಿ, ಅದರಲ್ಲಿ ತಾಮ್ರ ಇರುತ್ತದೆ.

ಉಪ್ಪುನೀರು, 12 ವೋಲ್ಟ್ ಬ್ಯಾಟರಿ ಸಾಕು ಅನ್ನುವವರಿಗೆ ಕರೆಂಟಿನ ದಾರಿ. ತಗಡು ಪ್ಲಸ್ಸಿಗೆ. ಖರ್ಚು ಕಡಿಮೆ, ಸಣ್ಣ ಬೋರ್ಡಿಗೆ ಸರಿ. ದೊಡ್ಡದರಲ್ಲಿ ಆಳ ಒಂದೇ ಸಮ ಬರುವುದು ಕಷ್ಟ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹೀಗೆ ಮಾಡಬೇಡಿ, ವಿಷಕಾರಿ ಕ್ರೋಮಿಯಂ ಹೊರಬರುತ್ತದೆ.

ಲೇಸರ್ ಅಂದರೆ ಫೈಬರ್ ಲೇಸರ್ ಅಂತಲೇ ಕೇಳಿ. ಮರ ಕೊರೆಯುವ ಸಿಒಟು (CO2) ಲೇಸರ್ ಯಂತ್ರ ಲೇಪವಿಲ್ಲದ ಹಿತ್ತಾಳೆಯ ಮೇಲೆ ನಡೆಯುವುದಿಲ್ಲ. ಫೈಬರ್‌ನಲ್ಲಿ ಒತ್ತಕ್ಷರ ಗೆರೆ ಎಳೆದ ಹಾಗೆ ಬರುತ್ತದೆ, ಆಳ ಬೇಕಾದರೆ ರೇಟು ಏರುತ್ತದೆ.

ನನ್ನ ಆಯ್ಕೆ? ಗೇಟಿನ ದಪ್ಪಕ್ಷರಕ್ಕೆ ಫೆರಿಕ್, ವಿಳಾಸದ ಸಣ್ಣಕ್ಷರಕ್ಕೆ ಲೇಸರ್. ಯಾವ ದಾರಿಯಾದರೂ ಕೊನೆಗೆ ಲ್ಯಾಕರ್ (ಪಾರದರ್ಶಕ ಲೇಪ) ಬಳಿಸಿ, ಕಡಲ ಗಾಳಿಗೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ ಅಲ್ವಾ.